ಕುದುರೆಗೆ ಅರವತ್ತನಾಲ್ಕು ಮನೆ



ಚದುರಂಗ ಅಂದ ಕೂಡಲೇ "ಅದು ಗಂಡಸರ ಆಟ, ನಮಗೆಲ್ಲಿ ಪುರುಸೊತ್ತು?" ಅನ್ನುವವರೇ ನಮ್ಮಲ್ಲಿ ಹೆಚ್ಚು. ಈ ಮಾತಿನಲ್ಲಿ ಅರ್ಧ ನಿಜವಿದೆ. ಆಟಕ್ಕೆ ಕೂತರೆ ಎದುರಿಗೆ ಒಬ್ಬರು ಬೇಕು, ಅತ್ತಿತ್ತ ಏಳದೆ ಒಂದೆರಡು ಗಂಟೆ ಬೇಕು. ಒಲೆ ಮೇಲೆ ಹಾಲಿಟ್ಟು ಬಂದವಳಿಗೆ ಅದು ಆಗದ ಮಾತು.

ಆದರೆ ಚದುರಂಗದಲ್ಲೇ ಇನ್ನೊಂದು ಬಗೆ ಇದೆ, ಚದುರಂಗದ ಒಗಟು. ಇದಕ್ಕೆ ಎದುರಾಳಿಯೂ ಬೇಡ, ಗಡಿಯಾರವೂ ಬೇಡ. ನಡುವೆ ಎದ್ದು ಹೋಗಿ ಸಾರಿಗೆ ಒಗ್ಗರಣೆ ಹಾಕಿ ಬಂದರೂ ಅದು ಅಲ್ಲೇ ಕಾದಿರುತ್ತೆ.

ಒಗಟು ಕಟ್ಟುವವರು ಹಲಗೆಯ ಮೇಲೆ ಕೆಲವು ಕಾಯಿಗಳನ್ನು ಬೇಕೆಂದೇ ಜೋಡಿಸಿಟ್ಟು, "ಬಿಳಿ ಮೊದಲು ನಡೆಸಿ, ಎರಡೇ ನಡೆಯಲ್ಲಿ ಕಪ್ಪು ರಾಜನನ್ನು ಕಟ್ಟಿಹಾಕಬೇಕು" ಅಂತ ಸವಾಲು ಹಾಕುತ್ತಾರೆ. ಕಪ್ಪು ಏನೇ ಮಾಡಿದರೂ ತಪ್ಪಿಸಿಕೊಳ್ಳಬಾರದು. ಬಿಳಿಯ ಮೊದಲ ನಡೆಗೆ ಒಂದೇ ಒಂದು ಉತ್ತರ ಇರಬೇಕು. ಇನ್ನೊಂದು ದಾರಿ ಸಿಕ್ಕಿತೋ, ಒಗಟು ಕೆಟ್ಟಿತು. ಹಾಗೆ ಕೆಟ್ಟದ್ದಕ್ಕೆ ಇಂಗ್ಲಿಷಿನವರು ಇಟ್ಟ ಹೆಸರೇನು ಗೊತ್ತೇ? 'ಕುಕ್'! ನಾವು ದಿನಾ ಎರಡು ಹೊತ್ತು ಮಾಡುವ ಕೆಲಸದ ಹೆಸರು ಅವರಿಗೆ ತಪ್ಪಿನ ಹೆಸರಾಗಿದೆ. ಸುಮ್ಮನೆ ನಿಲ್ಲಿಸಿದ ಕಾಯಿ ಇದ್ದರೂ ಒಗಟಿನ ಅಂದ ಕೆಡುತ್ತೆ, ತಿಳಿಸಾರಿಗೆ ಬೇಡದ ಮಸಾಲೆ ಬಿದ್ದ ಹಾಗೆ.

ಇದೆಲ್ಲ ಹೊರದೇಶದ ಮಾತು ಅಂದುಕೊಳ್ಳಬೇಡಿ. ನಮ್ಮ ಮೈಸೂರಿಗೂ ಈ ವಿದ್ಯೆಗೂ ಹಳೆಯ ನಂಟು. ಮುಮ್ಮಡಿ ಕೃಷ್ಣರಾಜ ಒಡೆಯರು 1799ರಲ್ಲಿ ಐದು ವರ್ಷದ ಮಗುವಾಗಿದ್ದಾಗಲೇ ಪಟ್ಟಕ್ಕೆ ಬಂದವರು. 1831ರಲ್ಲಿ ಬ್ರಿಟಿಷರು ಆಡಳಿತವನ್ನು ಅವರ ಕೈಯಿಂದ ತೆಗೆದುಕೊಂಡರು. ಅಲ್ಲಿಂದ 1868ರಲ್ಲಿ ಕಣ್ಣುಮುಚ್ಚುವವರೆಗೆ, ಮೂವತ್ತೇಳು ವರ್ಷ, ದೊರೆ ಅನ್ನುವ ಹೆಸರು ಇತ್ತು, ಅಧಿಕಾರ ಇರಲಿಲ್ಲ. ಅವರು ಕೈಕಟ್ಟಿ ಕೂರಲಿಲ್ಲ. ಅವರ ಹೆಸರಿನಲ್ಲಿರುವ 'ಶ್ರೀತತ್ತ್ವನಿಧಿ'ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿ ಆಟಗಳಿಗೇ ಮೀಸಲು. 1861ರಲ್ಲಿ ಕಟ್ಟಿಸಿದ ಜಗನ್ಮೋಹನ ಅರಮನೆಯ ರಂಗಮಹಲಿನ ಗೋಡೆಗಳ ಮೇಲೂ ಆಟದ ಮನೆಗಳನ್ನು ಚಿತ್ರವಾಗಿ ಬರೆಸಿದರು.

ಅವರಿಗೆ ಅಚ್ಚುಮೆಚ್ಚಾಗಿದ್ದದ್ದು ಕುದುರೆಯ ಸುತ್ತು. ಕುದುರೆಯ ನಡೆ ನಿಮಗೆ ಗೊತ್ತೇ ಇದೆ, ನೇರ ಎರಡು ಮನೆ, ಆಮೇಲೆ ಪಕ್ಕಕ್ಕೆ ಒಂದು. ಹಾಗೆ ನೆಗೆಯುತ್ತಾ ಅರವತ್ತನಾಲ್ಕು ಮನೆಯನ್ನೂ ಒಂದೊಂದೇ ಸಲ ಮುಟ್ಟಬೇಕು. ಮುಟ್ಟಿದ ಮನೆಗೆ 1, 2, 3 ಎಂದು 64ರ ತನಕ ಅಂಕಿ ಹಾಕುತ್ತಾ ಹೋಗಿ. ಅಡ್ಡಸಾಲು ಕೂಡಿದರೂ 260, ಕಂಬಸಾಲು ಕೂಡಿದರೂ 260 ಬರುವಂಥ ಸುತ್ತನ್ನು ಮುಮ್ಮಡಿಯವರು ಕಟ್ಟಿದ್ದಾರೆ. 260 ಯಾಕೆ? 1ರಿಂದ 64ರವರೆಗೆ ಕೂಡಿದರೆ 2080. ಅದನ್ನು ಎಂಟು ಸಾಲಿಗೆ ಸಮನಾಗಿ ಹಂಚಿದರೆ ಅಷ್ಟೇ. ಮೂಲೆಯಿಂದ ಮೂಲೆಗೆ ಹೋಗುವ ಎರಡು ಓರೆಸಾಲೂ 260 ಆಗುವುದುಂಟೇ? ಇಲ್ಲ, ಎಂಟು ಮನೆಯ ಹಲಗೆಯಲ್ಲಿ ಅದು ಸಾಧ್ಯವೇ ಇಲ್ಲ. ಸುಮಾರು ಎರಡು ತಿಂಗಳು ಕಂಪ್ಯೂಟರಿನಲ್ಲಿ ಹುಡುಕಿ 2003ರಲ್ಲಿ ಇದನ್ನು ಖಚಿತ ಮಾಡಿಕೊಂಡರು.

ದೇವರಮನೆಯಲ್ಲಿ ವೇದಾಂತ ದೇಶಿಕರ 'ಪಾದುಕಾಸಹಸ್ರ' ಇದ್ದವರು ಅದರ ಚಿತ್ರಪದ್ಧತಿಯನ್ನು ತೆಗೆದು ನೋಡಿ. ಮೂವತ್ತೆರಡು ಅಕ್ಷರದ ಒಂದು ಶ್ಲೋಕವನ್ನು ಮನೆಗೊಂದು ಅಕ್ಷರದಂತೆ ಬರೆದು, ಕುದುರೆಯ ನಡೆಯಲ್ಲಿ ಓದಿದರೆ ಮುಂದಿನ ಶ್ಲೋಕವೇ ಬರುತ್ತೆ!

ಹೆಂಗಸರು ಯಾರೂ ಇಲ್ಲವೇ ಅನ್ನುತ್ತೀರಾ? ಇಂಗ್ಲೆಂಡಿನ ಈಡಿತ್ ಬೇರ್ಡ್ (1859–1924) ಎರಡು ಸಾವಿರಕ್ಕೂ ಹೆಚ್ಚು ಒಗಟು ಕಟ್ಟಿದ ಗೃಹಿಣಿ. ಅವುಗಳಲ್ಲಿ ಏಳುನೂರು 1902ರಲ್ಲಿ ಪುಸ್ತಕವಾಗಿ ಬಂದವು. ಮಗಳು ಲಿಲಿಯನ್ ಕೂಡ ಚಿಕ್ಕಂದಿನಲ್ಲೇ ಒಗಟು ಕಟ್ಟಿದಳು. ಆಗಿನ ಕಾಲದಲ್ಲಿ ಕಾಗದದ ಮೇಲೆ ಬರೆದು ಪತ್ರಿಕೆಗೆ ಅಂಚೆಯಲ್ಲಿ ಹಾಕುವುದು, ಯಾವುದೋ ಊರಿನ ಯಾರೋ ಅದನ್ನು ಬಿಡಿಸುವುದು. ಮುಖ ನೋಡದ ಸ್ನೇಹ ಅದು. ಒಗಟು ಬಿಡಿಸುವುದಕ್ಕೇ ಅಂತ ವಿಶ್ವಮಟ್ಟದ ಸ್ಪರ್ಧೆ 1977ರಿಂದ ಶುರುವಾಯಿತು.

ನಮ್ಮ ವಯಸ್ಸಿಗೆ ಬಂದವರಿಗೆ ಒಂದು ಮಾತು. ಮಕ್ಕಳು ದೊಡ್ಡವರಾಗುತ್ತಾ ಮನೆಯಲ್ಲಿ ನಮ್ಮ ಯಜಮಾನಿಕೆ ಕಮ್ಮಿಯಾಗುತ್ತಾ ಬರುತ್ತೆ. ಸೊಸೆ ಬಂದಮೇಲೆ ಸಾಸಿವೆ ಡಬ್ಬಿಯೂ ಜಾಗ ಬದಲಾಯಿಸುತ್ತೆ! ಆಗ ಎಷ್ಟೋ ಜನ ಸಣ್ಣಪುಟ್ಟದ್ದಕ್ಕೂ ಮನಸ್ಸು ಕೆಡಿಸಿಕೊಳ್ಳುತ್ತೇವೆ. ರಾಜ್ಯವೇ ಕೈತಪ್ಪಿದವರು ಅರವತ್ತನಾಲ್ಕು ಮನೆಯಲ್ಲಿ ಮನಸ್ಸಿಗೆ ಕೆಲಸ ಹುಡುಕಿಕೊಂಡರು. ಅದರಿಂದ ರಾಜ್ಯ ವಾಪಸು ಬರಲಿಲ್ಲ, ನಿಜ. ಆದರೆ ಆ ಲೆಕ್ಕ ಇವತ್ತಿಗೂ ಸರಿಯಾಗಿ ಕೂಡುತ್ತೆ. ನನಗೂ ಮಧ್ಯಾಹ್ನದ ಅರ್ಧ ಗಂಟೆ ಒಗಟು ಹಿಡಿದು ಕೂತರೆ, ಸಂಜೆ ಯಾರಾದರೂ ಏನಾದರೂ ಅಂದದ್ದು ಅಷ್ಟಾಗಿ ಚುಚ್ಚುವುದಿಲ್ಲ.

ಈಗ ನಿಮಗೊಂದು ಕೆಲಸ. ನೆಲದ ಮೇಲೆ ಸೀಮೆಸುಣ್ಣದಿಂದ ಸಾಲಿಗೆ ನಾಲ್ಕರಂತೆ ಮೂರು ಸಾಲು, ಒಟ್ಟು ಹನ್ನೆರಡು ಮನೆ ಬರೆಯಿರಿ. ಕೆಳಗಿನ ಎಡಮೂಲೆಯಿಂದ ಕುದುರೆ ಹೊರಡಲಿ. ಮುಟ್ಟಿದ ಮನೆಗೆ ಒಂದೊಂದು ಹುಣಿಸೆಬೀಜ ಇಡಿ, ಇಟ್ಟ ಮನೆಗೆ ಮತ್ತೆ ಹೋಗಬಾರದು. ಹನ್ನೆರಡೂ ಮುಗಿಯಬೇಕು. 1823ರಲ್ಲಿ ಜರ್ಮನಿಯ ವಾರ್ನ್ಸ್‌ಡಾರ್ಫ್ ಹೇಳಿಕೊಟ್ಟ ಉಪಾಯ ಇದು: ಯಾವ ಮನೆಯಿಂದ ಮುಂದೆ ಹೋಗಲು ದಾರಿ ಕಮ್ಮಿಯೋ, ಅಲ್ಲಿಗೆ ಮೊದಲು ಹೋಗಿ. ಕಷ್ಟದ ಕೆಲಸ ಬೆಳಿಗ್ಗೆಯೇ ಮುಗಿಸಿಬಿಡುವ ಹಾಗೆ!

ಉತ್ತರ (ಮೊದಲೇ ನೋಡಬೇಡಿ!): ಮೇಲಿನ ಸಾಲು 3, 6, 9, 12. ನಡುವಿನ ಸಾಲು 8, 11, 2, 5. ಕೆಳಗಿನ ಸಾಲು 1, 4, 7, 10. ಮೇಲಿನ ಸಾಲಿನಲ್ಲಿ ಮೂರರ ಮಗ್ಗಿ ತಾನಾಗಿ ಬಂದು ಕೂತಿದೆ, ನೋಡಿದಿರಾ? ಮಕ್ಕಳನ್ನೂ ಪಕ್ಕಕ್ಕೆ ಕೂರಿಸಿಕೊಳ್ಳಿ. ಆದರೆ ಬೀಜ ಮಾತ್ರ ನಿಮ್ಮ ಕೈಯಲ್ಲೇ ಇರಲಿ.