ದೊಡ್ಡಪತ್ರೆಗೆ ಒಂದು ಕುಂಡ
ಬೆಂಗಳೂರಿನ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರದ ಹಳೆಯ ಮನೆಗಳ ಕಾಂಪೌಂಡಿನಲ್ಲಿ ತುಳಸಿಯ ಪಕ್ಕ ದೊಡ್ಡಪತ್ರೆ ಇರುವುದು ಹೊಸದೇನಲ್ಲ, ಆದರೆ ಮಗುವಿಗೆ ಶೀತವಾದಾಗ ಮಾತ್ರ ಅದರ ನೆನಪಾಗುತ್ತದೆ ಎಂಬುದು ಬೇಸರದ ಸಂಗತಿ. ಪಿಜ್ಜಾ ಮೇಲೆ ಉದುರಿಸುವ ಒರೆಗಾನೊಗೆ ಆ ಘಾಟು ಕೊಡುವ ಕಾರ್ವಕ್ರಾಲ್ ಎಂಬ ಅಂಶ ಈ ದಪ್ಪ ಎಲೆಯಲ್ಲೂ ಇದೆ. ಕೆರಿಬಿಯನ್ ದ್ವೀಪಗಳಲ್ಲಿ ಇದನ್ನೇ ಮಾಂಸ, ಮೀನಿನ ಅಡುಗೆಗೆ ಹಾಕುತ್ತಾರೆ. ನಮ್ಮಲ್ಲಿ ಬಜ್ಜಿಯೂ ಉಂಟು, ಚಟ್ನಿಯೂ ಉಂಟು, ಎಲ್ಲಕ್ಕಿಂತ ಮಿಗಿಲಾದದ್ದು ಮಲೆನಾಡಿನ ತಂಬುಳಿ: ಎಂಟ್ಹತ್ತು ಎಲೆಯನ್ನು ಜೀರಿಗೆ, ಕಾಳುಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸಿ, ತೆಂಗಿನತುರಿ ಸೇರಿಸಿ ನುಣ್ಣಗೆ ರುಬ್ಬಿ, ಮಜ್ಜಿಗೆಗೆ ಬೆರೆಸಿ, ಸಾಸಿವೆ ಒಗ್ಗರಣೆ ಕೊಟ್ಟರೆ ಆಯಿತು. ಇದನ್ನು ಕುದಿಸಬಾರದು, ಮಜ್ಜಿಗೆ ಒಡೆಯುತ್ತದೆ. ಬೆಳೆಸುವುದೂ ಸುಲಭ. ಗೇಣುದ್ದದ ಕಡ್ಡಿ ಚುಚ್ಚಿದರೆ ಬೇರು ಬಿಡುತ್ತದೆ. ನೀರು ಹೆಚ್ಚಾದರೆ ಕಾಂಡ ಕೊಳೆಯುತ್ತದೆ, ಪಶ್ಚಿಮಕ್ಕೆ ತೆರೆದ ಬಾಲ್ಕನಿಯ ಸುಡುಬಿಸಿಲಿಗೆ ಎಲೆ ಹಳದಿಯಾಗಿ ಬಿರುಸಾಗುತ್ತದೆ. ಬೆಳಗಿನ ಎಳೆಬಿಸಿಲು ಸಾಕು. ದೊಡ್ಡಪತ್ರೆಗೆ ನರ್ಸರಿಯವರೆಗೂ ಹೋಗಬೇಕಿಲ್ಲ, ಪಕ್ಕದ ಮನೆಯವರ ಹತ್ತಿರ ಒಂದು ಕಡ್ಡಿ ಕೇಳಿ ತಂದು ಈ ವಾರವೇ ನೆಡಿ.