ಕೋಳಿಗೆ ಬೆವರಿಲ್ಲ

ಮಕ್ಕಳೇ, ಬಿಸಿಲಿಗೆ ನಾವು ಬೆವರುತ್ತೇವೆ. ಕೋಳಿಗೆ ಬೆವರಿನ ಗ್ರಂಥಿಗಳೇ ಇಲ್ಲ. ಬಾಯಿ ತೆರೆದು ಏದುಸಿರು ಬಿಟ್ಟು ಮೈ ತಂಪು ಮಾಡಿಕೊಳ್ಳಬೇಕು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟಿದಾಗ ಬ್ರಾಯ್ಲರ್ ಕೋಳಿ ತಿನ್ನುವುದನ್ನು ಕಡಿಮೆ ಮಾಡುತ್ತದೆ, ಮೈ ತುಂಬುವುದಿಲ್ಲ.

ಅದಕ್ಕೇ ಶೆಡ್ಡಿನ ಉದ್ದ ಪೂರ್ವ-ಪಶ್ಚಿಮವಾಗಿರಬೇಕು. ಆಗ ಬಿಸಿಲು ಒಳಗೆ ಬೀಳುವುದು ಕಡಿಮೆ. ಕೋಳಿಯೊಂದಕ್ಕೆ ಸುಮಾರು ಒಂದು ಚದರಡಿ ಜಾಗ ಬೇಕು. ನೆಲದ ಹೊಟ್ಟು ಒದ್ದೆಯಾದರೆ ಅಮೋನಿಯಾ ಎದ್ದು ಕೋಳಿಯ ಕಣ್ಣು ಉರಿಯುತ್ತದೆ.

ಅಜ್ಜನ ಜೊತೆ ಲೆಕ್ಕ ಹಾಕಿ: 1,000 ಕೋಳಿ ತಲಾ 200 ಗ್ರಾಂ ಕಡಿಮೆ ಬೆಳೆದರೆ 200 ಕಿಲೋ ನಷ್ಟ. ಬ್ಯಾಂಕಿನ ಕಂತು ಮಾತ್ರ ಕಡಿಮೆಯಾಗದು. ನಿಮ್ಮೂರಿನ ಕೋಳಿಗಳು ಬಾಯಿ ತೆರೆದು ನಿಂತಿದ್ದರೆ ಸಾಕಿದವರಿಗೆ ಹೇಳಿ: ತಣ್ಣೀರು ಇಡಲಿ, ತಗಡಿಗೆ ಸುಣ್ಣ ಬಳಿಯಲಿ.