ಎಣ್ಣಿ ಅಂಗಡಿ ಉದ್ರಿ | ಭಾಗ 4
ನಮ್ಮೂರಲ್ಲಿ ಕೀಟನಾಶಕಕ್ಕೆ ‘ಎಣ್ಣಿ’ ಅಂತಾರೆ. ಬಿಕಾಂ ಓದ್ತಿದೀನಲ್ಲ ಅಂತ ಕಾಕಾನ ಉದ್ರಿ ಚೀಟಿ ಎಲ್ಲಾ ಕೂಡಿಸಿ ನೋಡ್ದೆ. ಹೋದ ವರ್ಷದ ಹತ್ತಿ ದುಡ್ಡಲ್ಲಿ ಅರ್ಧ ಎಣ್ಣಿ ಅಂಗಡಿಗೇ ಹೋಗಿದೆ, ಬಡ್ಡಿ ಸೇರಿ.

“ಬಿಡ್ರಿ ಕಾಕಾ” ಅಂದೆ. “ನಾ ಒಬ್ಬನ ಬಿಟ್ರ ಬಾಜೂ ಹೊಲದ ಹುಳಾ ಎಲ್ಲಾ ನನ್ನ ಹೊಲಕ್ಕ ಬರ್ತಾವ” ಅಂದ್ರು. ಮಾತು ಕರೆಕ್ಟೇ.

ಅದಕ್ಕೇ ‘ರೈತ ಬದಲಾಗಬೇಕು’ ಅನ್ನೋ ರೀಲ್ಸ್ ನೋಡಿದ್ರೆ ನಂಗೆ ಸಿಟ್ಟು ಬರುತ್ತೆ. ಒಬ್ಬನೇ ಹೆಂಗ್ ಬದಲಾಗ್ತಾನೆ?

ಖಮ್ಮಂ ಕಡೆಯ ಪುನುಕುಲ ಅನ್ನೋ ಊರಲ್ಲೂ ಹತ್ತಿನೇ. ಔಷಧಿ ಮಾರೋರೇ ಸಾಲ ಕೊಡೋರು. ಅಲ್ಲಿ ಹೆಂಗಸರ ಸಂಘಗಳು ಮುಂದೆ ನಿಂತವು, ಊರೇ ಸೇರಿ ಬೇವಿನ ಬೀಜದ ಕಷಾಯಕ್ಕೆ ಬಂತು. 2004ರಲ್ಲಿ ಪಂಚಾಯ್ತಿನೇ ಠರಾವು ಮಾಡ್ತು, ಕೀಟನಾಶಕ ಬೇಡ ಅಂತ.

ಶುಕ್ರವಾರ ಕಾಕೂನ ಸಂಘದ ಮೀಟಿಂಗ್ ಇದೆ. ಲೆಕ್ಕದ ಹಾಳೆ ಹಿಡ್ಕೊಂಡು ನಾನೂ ಹೋಗ್ತಿದೀನಿ.